ಬಾಗಿಲ ಸಂದಿನ ಟವೆಲ್ಲು

ಮಧ್ಯಾಹ್ನ ಮೂರು ಗಂಟೆ ಮೂವತ್ತೈದು ನಿಮಿಷಕ್ಕೆ ನಾನು ಹಳೆಯ ಟವೆಲ್ಲೊಂದನ್ನು ಉದ್ದಕ್ಕೆ ಸುರುಳಿ ಸುತ್ತಿ ಬಾಲ್ಕನಿ ಬಾಗಿಲಿನ ಕೆಳಗಿನ ಸಂದಿಗೆ ತುರುಕಿದೆ. ಬಗ್ಗಿ ಎದ್ದಾಗ ಒಲೆಯ ಮೇಲಿನ ಗಡಿಯಾರದ ಹಸಿರು ಅಂಕಿಗಳು ಕಣ್ಣಿಗೆ ಬಿದ್ದವು. ಅದಕ್ಕೇ ಸಮಯ ಇಷ್ಟು ಖಚಿತವಾಗಿ ಗೊತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ. ಆ ಸಂದಿಯಿಂದ ಬರುತ್ತಿದ್ದ ಗಾಳಿ ಕಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದ ಹಾಗೆ ತಾಗುತ್ತಿತ್ತು. ಟವೆಲ್ಲು ತುರುಕಿದ ಮೇಲೆ ಅದು ನಿಂತಿತು. ನನಗೆ ಸಮಾಧಾನವಾಯಿತು. ಉಳಿದದ್ದೆಲ್ಲ ಒಂದಿಷ್ಟು ಮಸುಕಾಗಿದೆ, ಆ ಸಮಾಧಾನ ಮಾತ್ರ ಮಸುಕಾಗಿಲ್ಲ.

ನಡುಮನೆಯಲ್ಲಿ, ಮಡಚುವ ಪಟ್ಟಿ ಮಂಚದ ಮೇಲೆ, ಅಕ್ಕ ಮಲಗಿದ್ದಳು. ಪಕ್ಕದಲ್ಲಿ ಹದಿನಾರು ದಿನದ ಕೂಸು. ಮಂಚದ ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ಕೆಂಡ. ಅಕ್ಕನ ಗಂಡ, ನನಗೆ ಮಾವ, ಲಾರಿ ರಿಪೇರಿ ಶೆಡ್ಡಿಗೆ ಕೆಲಸಕ್ಕೆ ಹೋಗಿದ್ದ. ಕೆನಡಾದ ಬಯಲು ಸೀಮೆಯ ಒಂದು ಸಣ್ಣ ಪಟ್ಟಣ ಅದು. ಮೂರನೇ ಮಹಡಿಯ ಮನೆ. ನಾನು ಅಲ್ಲಿಗೆ ಹೋಗಿ ಆಗ ಐದು ವಾರವಾಗಿತ್ತು.

ಮೊದಲ ಬಾಣಂತನ ತವರಿನದು. ಅಕ್ಕ ನಮ್ಮೂರು ಹಡಗಲಿಗೆ ಬರುವ ಹಾಗಿರಲಿಲ್ಲ, ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರು. ಹಾಗಾಗಿ ತವರೇ ಪೆಟ್ಟಿಗೆ ಕಟ್ಟಿಕೊಂಡು ಅವಳಿದ್ದಲ್ಲಿಗೆ ಹೋಗಬೇಕಾಯಿತು. ಅವ್ವ ಹೋಗುವುದೆಂದು ನಿಶ್ಚಯವಾಗಿತ್ತು. ಅವಳ ವೀಸಾ ತಿರಸ್ಕಾರವಾಗಿ ಬಂತು, ನನ್ನದು ಮಂಜೂರಾಗಿ ಬಂತು. ನಾನು ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಮದುವೆಯಾಗಿಲ್ಲ, ಮಕ್ಕಳಿಲ್ಲ, ಬಾಣಂತನವನ್ನು ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ. "ನೀ ಏನೂ ಯೋಚ್ನಿ ಮಾಡಬ್ಯಾಡ, ನಾ ಫೋನಿನ್ಯಾಗ ಹೇಳ್ತೀನಿ, ನೀ ಕೈ ಆಡ್ಸು ಅಷ್ಟ" ಎಂದು ಅವ್ವ ಕಳಿಸಿದಳು. ಆರು ತಿಂಗಳಿಗೆ ಹೋದೆ. ಅಂಟಿನುಂಡಿ, ಬಜೆ, ಓಮ, ಲೋಬಾನ, ಬಾಣಂತಿ ಖಾರ, ಎರಡು ಹಳೆಯ ಹತ್ತಿ ಸೀರೆ, ಶೇಂಗಾ ಚಟ್ನಿಪುಡಿ. ಪೆಟ್ಟಿಗೆ ತೆರೆದಾಗ ಆ ಮನೆಯೆಲ್ಲ ಹಡಗಲಿ ಸಂತೆಯ ಕಿರಾಣಿ ಅಂಗಡಿಯ ವಾಸನೆ. ಅಕ್ಕ ಹೊಟ್ಟೆ ಹಿಡಿದುಕೊಂಡು ಬಂದು ಪೆಟ್ಟಿಗೆಯೊಳಗೇ ಮುಖ ಇಟ್ಟಳು.

ಆ ಮನೆಗೆ ಹೊಂದಿಕೊಳ್ಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಕಸವನ್ನು ಮೂರು ಡಬ್ಬಿಗೆ ಬೇರೆ ಬೇರೆ ಹಾಕುವುದು, ನೆಲಮಾಳಿಗೆಯ ಯಂತ್ರದಲ್ಲಿ ಬಟ್ಟೆ ಒಗೆಯಲು ಪಾಳಿ ಬರೆಯುವುದು, ಮಂಜುಗಡ್ಡೆಯ ಮೇಲೆ ಬಾತುಕೋಳಿಯಂತೆ ಪಾದ ಅಗಲಿಸಿ ನಡೆಯುವುದು, ಎಲ್ಲವನ್ನೂ ಹತ್ತು ದಿನದಲ್ಲಿ ಕಲಿತೆ. ಪಂಜಾಬಿಯವನ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು. ಹಳೆಯ ಹಿಟ್ಟು. ರೊಟ್ಟಿ ಬಡಿದರೆ ಅಂಚೆಲ್ಲ ಸೀಳುತ್ತಿತ್ತು, ಆದರೂ ರೊಟ್ಟಿಯೇ.

ಹೊಂದಿಕೊಳ್ಳದೆ ಹೋದದ್ದು ಒಂದೇ, ಚಾವಣಿಯ ಮೇಲಿದ್ದ ಬಿಳಿ ತಟ್ಟೆಯಂಥ ಅಲಾರಾಂ. ಹೊಗೆ ಬಂದರೂ ಕೂಗುತ್ತದೆ, ವಿಷಗಾಳಿ ಬಂದರೂ ಕೂಗುತ್ತದೆ ಎಂದು ಮಾವ ಹೇಳಿದ್ದ. ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಅದು ಕಿವಿ ಹರಿಯುವಂತೆ ಚೀರುತ್ತಿತ್ತು. ಮೊದಲ ಸಲ ನಾನು ಸೌಟು ಕೈಬಿಟ್ಟೆ. ಎರಡನೇ ಸಲ ಮಾವ ಕುರ್ಚಿ ಹತ್ತಿ ಅದನ್ನು ತಿರುಗಿಸಿ ಬಿಚ್ಚಿ, ಅಡುಗೆಯಾದ ಮೇಲೆ ಮತ್ತೆ ಹಾಕಿದ.

"ಈ ದೇಶದಾಗ ಒಗ್ಗರಣಿ ಹಾಕೋದು ಅಂದ್ರ ಕಳ್ಳತನ ಮಾಡಿದಂಗ ಐತಿ ನೋಡು" ಎಂದ.

"ಒಗ್ಗರಣಿ ಇಲ್ದ ಉಣ್ಣಾಕ ನಾನೇನು ಆಸ್ಪತ್ರ್ಯಾಗ ಅದೀನೇನ್ರಿ?" ಎಂದಳು ಅಕ್ಕ.

ಕೂಸು ಹುಟ್ಟಿದ ಐದನೇ ದಿನ, ಅದು ಆಗ ತಾನೇ ಕಣ್ಣು ಮುಚ್ಚಿದ್ದಾಗ, ಅಲಾರಾಂ ಮತ್ತೆ ಚೀರಿತು. ಮಾವ ಕೆಲಸದಲ್ಲಿದ್ದ. ನಾನೇ ಕುರ್ಚಿ ಹತ್ತಿ ಬಿಚ್ಚಿದೆ. ಅಡುಗೆಮನೆಯ ಡ್ರಾಯರಿನಲ್ಲಿ ಲಟ್ಟಣಿಗೆಯ ಪಕ್ಕ ಇಟ್ಟೆ. ಮತ್ತೆ ಹಾಕಬೇಕೆಂದುಕೊಂಡೆ. ಹಾಕಲಿಲ್ಲ. ಯಾರೂ ತಲೆ ಎತ್ತಿ ನೋಡಲೂ ಇಲ್ಲ.

ಕೆಂಡದ ಕೆಲಸ ಶುರುವಾದದ್ದು ಅದಾದ ಮೇಲೆ. ನಮ್ಮ ಕಡೆ ಬಾಣಂತಿಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಎರೆದು, ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುತ್ತಾರೆ. ಬೆನ್ನು ಗಟ್ಟಿಯಾಗುತ್ತದೆ, ಮೈಯಲ್ಲಿ ನೀರು ಸೇರುವುದಿಲ್ಲ ಎನ್ನುತ್ತಾರೆ. ಕೂಸಿಗೂ ಎರೆದು, ಕೆಂಡಕ್ಕೆ ಓಮ, ಲೋಬಾನ ಉದುರಿಸಿ ಒಂದಿಷ್ಟು ಹೊಗೆ ತೋರಿಸುತ್ತಾರೆ. ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ ನಮ್ಮ ಅಜ್ಜಿಯ ಮನೆಯಿತ್ತು. ಅಲ್ಲಿ ಚಿಕ್ಕಮ್ಮಂದಿರ ಬಾಣಂತನ ನಡೆದ ಕತ್ತಲೆ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಕತ್ತಲೆ ಕೋಣೆ ಎನ್ನುತ್ತಿದ್ದೆವಾದರೂ ಅದರ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಬಾಗಿಲಿನ ಕೆಳಗೆ ಕೋಳಿ ನುಸುಳಿ ಬರುವಷ್ಟು ಸಂದು. ಹಂಚು, ಮಣ್ಣು, ಕಟ್ಟಿಗೆಯ ನಡುವೆ ಎಲ್ಲೆಲ್ಲೂ ಗಾಳಿ.

ಮಾವ ಬೇಸಿಗೆಯಲ್ಲಿ ಗೆಳೆಯರ ಜೊತೆ ಮಾಂಸ ಸುಡಲು ತಂದಿದ್ದ ಇದ್ದಿಲಿನ ಅರ್ಧ ಚೀಲ ಉಳಿದಿತ್ತು. ಹೊರಸಿನ ಬದಲು ಮಡಚುವ ಪಟ್ಟಿ ಮಂಚ ಬಂತು. ಇದ್ದಿಲನ್ನು ಬಾಲ್ಕನಿಯಲ್ಲಿ ಹೊತ್ತಿಸಿ, ಕೆಂಪಗಾದ ಮೇಲೆ ಒಳಗೆ ತರುತ್ತಿದ್ದೆ. "ಹೊಗಿ ಪೂರಾ ಹೋಗ್ಲಿ, ಬರೇ ಕೆಂಡ ಇಡು, ಹೊಗಿ ಕೂಸಿಗೆ ಆಗಂಗಿಲ್ಲ" ಎಂದು ಅವ್ವ ಹೇಳಿದ್ದಳು. ಒಂಬತ್ತು ದಿನ ಬಾಲ್ಕನಿ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟೇ ಕಾಯಿಸಿದೆವು. ಹತ್ತನೇ ದಿನ ಆ ಚಳಿ ಬಂತು.

ಆ ಬಾಗಿಲನ್ನು ಯಾಕೆ ತೆರೆದಿಡುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಇದನ್ನು ಬರೆಯದೆ ಮುಂದೆ ಹೋಗಲಾರೆ. ಇಂಗಾಲದ ಅಪೂರ್ಣ ದಹನದಿಂದ ಹುಟ್ಟುವ ಅನಿಲ ಯಾವುದು, ಅದರ ಗುಣಗಳನ್ನು ತಿಳಿಸಿ ಎಂಬುದು ನಾನೇ ಎಷ್ಟೋ ಸಲ ಪರೀಕ್ಷೆಗೆ ಕೊಟ್ಟ ಎರಡು ಅಂಕದ ಪ್ರಶ್ನೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕೂರುತ್ತದೆ. ಇಷ್ಟು ಬರೆದರೆ ಎರಡಕ್ಕೆ ಎರಡು. ಹಾಗೆ ಬರೆಸಿದವಳೇ ಆ ದಿನ ಫೋನಿನಲ್ಲಿ ಅವ್ವನ ದನಿ ಕೇಳಿದೆ, "ಹಸಿ ಬಾಣಂತಿ ಅದಾಳವ್ವ, ಗಾಳಿ ತಾಗಿದ್ರ ಸನ್ನಿ ಆಗ್ತೈತಿ, ಬಾಗ್ಲಾ ಹಾಕು." ಹಾಕಿದೆ. ಟವೆಲ್ಲನ್ನು ಮಾತ್ರ ಅವ್ವ ಹೇಳಿರಲಿಲ್ಲ. ಅದು ನನ್ನದೇ ಜಾಣತನ.

ಅವ್ವ ನಮಗೆ ಕರೆ ಮಾಡುತ್ತಿದ್ದದ್ದು ಊರಿನ ನಸುಕಿಗೆ, ಅಂದರೆ ನಮ್ಮ ಮಧ್ಯಾಹ್ನಕ್ಕೆ. ನಮ್ಮ ಮನೆಯವರದು ಮಲ್ಲಿಗೆ ತೋಟ. ಮೊಗ್ಗು ಬಿರಿಯುವ ಮೊದಲು ಬಿಡಿಸಿ ಬೆಳಗಿನ ಬಸ್ಸಿಗೆ ಹಾಕಬೇಕು. ಜನವರಿಯಲ್ಲಿ ಹೂ ಕಡಿಮೆ, ಆದರೂ ಅವ್ವನಿಗೆ ಅದೇ ಹೊತ್ತಿಗೆ ಎಚ್ಚರ. ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ತೋಟಕ್ಕೆ ಹೊರಡುವ ಮುಂಚೆ ನಮ್ಮ ಎರೆಯುವ ಹೊತ್ತಿಗೆ ಸರಿಯಾಗಿ ವೀಡಿಯೊ ಕರೆ ಮಾಡಿ, ಎಣ್ಣೆ ಸಾಲದು, ನೀರು ತಣ್ಣಗಾಯ್ತು, ಕೂಸಿನ ಕುತ್ತಿಗೆ ಹಿಡಿ ಎಂದು ನಡೆಸುತ್ತಿದ್ದಳು. ಆ ದಿನ ಮೂರೂವರೆಗೊಮ್ಮೆ ಮಾಡಿ ಬಾಗಿಲಿನ ಮಾತು ಹೇಳಿ ಇಟ್ಟಿದ್ದಳು. ಮತ್ತೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾಡಿದಳು.

ನಾನು ಗೋಡೆಗೆ ಒರಗಿ ಕೂತಿದ್ದೆ. ತಲೆ ನೋಯುತ್ತಿತ್ತು, ನೆಗಡಿ ಬರುತ್ತಿದೆ ಅಂದುಕೊಂಡಿದ್ದೆ. ಅಕ್ಕ ಒಮ್ಮೆ ವಾಂತಿ ಬಂದ ಹಾಗಾಗುತ್ತಿದೆ ಎಂದಿದ್ದಳು, ಆಮೇಲೆ ನಿದ್ದೆ ಹೋದಳು. ಕಾಲಿಗೆ ಯಾರೋ ನೀರು ತುಂಬಿದ ಕೊಡ ಕಟ್ಟಿದ ಹಾಗಿತ್ತು. ಫೋನನ್ನು ಮುಖದ ಮುಂದೆ ಹಿಡಿದೆ.

"ಎರದ್ಯಾ?"

"ಎರದೆವ್ವಾ."

"ಲೋಬಾನ ಹಾಕಿದ್ಯಾ?"

"ಈಗ ಹಾಕೀನಿ."

"ಕೂಸು ಅಳವಲ್ದಲ್ಲ?"

ದಿನಾ ಲೋಬಾನದ ಹೊಗೆ ಮೂಗಿಗೆ ಹೋದ ಕೂಡಲೇ ಅದು ಕಿರಿಚುತ್ತಿತ್ತು. ಅವ್ವ ಆ ಕಿರಿಚಾಟ ಕೇಳಿ ನಗುತ್ತಿದ್ದಳು.

"ಯವ್ವಾ, ಕೂಸು ಯಾಕ ಅಳವಲ್ದು? ತೋರ್ಸು. ಕೂಸಿನ ಮುಖ ತೋರ್ಸು ನನಗ."

ಮುಖ ತೋರಿಸಲು ಎದ್ದೆ. ಆಗ ಗೊತ್ತಾಯಿತು. ಕಲಿತದ್ದೆಲ್ಲ ಒಂದೇ ಏಟಿಗೆ ತಲೆಗೆ ಬಂತು. ಫೋನು ಕೈಯಿಂದ ಬಿತ್ತು. ಕೂಸನ್ನು ಎತ್ತಿಕೊಂಡೆ, ಅದರ ಕತ್ತು ನನ್ನ ತೋಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಬಾಲ್ಕನಿ ಬಾಗಿಲು ಎಳೆದೆ, ಬರಲಿಲ್ಲ. ನಾನೇ ತುರುಕಿದ ಟವೆಲ್ಲು ಕೆಳಗೆ ಸಿಕ್ಕಿಕೊಂಡಿತ್ತು. ಕಾಲಿನಿಂದ ಅದನ್ನು ಒದ್ದು, ಒದ್ದು, ಬಾಗಿಲು ತೆರೆದೆ. ಆ ಒದ್ದ ನಾಲ್ಕೈದು ಕ್ಷಣಗಳನ್ನೇ ನಾನು ಇವತ್ತಿಗೂ ಮತ್ತೆ ಮತ್ತೆ ಒದೆಯುತ್ತಿರುತ್ತೇನೆ.

ಆಮೇಲೆ ಮುಂಬಾಗಿಲು ತೆರೆದು, ಮಹಡಿಯ ಮನೆಗಳ ನಡುವಿನ ಓಣಿಗೆ ಬಂದು ಕೂಗಿದೆ. ಎದುರು ಮನೆಯ ಮುದುಕಿ ಹೊರಗೆ ಬಂದಳು. ಒಂದು ಮಾತೂ ಕೇಳದೆ ಕೂಸನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡಳು, ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ನಾನು ತಿರುಗಿ ಒಳಗೆ ಹೋಗಿ ಅಕ್ಕನನ್ನು ಕಂಕುಳಲ್ಲಿ ಹಿಡಿದು ಎಳೆದೆ. ಹೊಸ್ತಿಲವರೆಗೆ ಎಳೆದದ್ದು ನೆನಪಿದೆ. ನೆಲದ ಮೇಲೆ ಬಿದ್ದ ಫೋನಿನಿಂದ ಅವ್ವನ ದನಿ ಬರುತ್ತಲೇ ಇತ್ತು. ಅವಳಿಗೆ ಅರ್ಧ ಗಂಟೆ ಕಂಡದ್ದು ನಮ್ಮ ಚಾವಣಿ ಮಾತ್ರ, ಅಲಾರಾಂ ಬಿಚ್ಚಿದ ಜಾಗದ ಆ ದುಂಡನೆಯ ಗುರುತು.

ಓಣಿಯಲ್ಲೇ ಕೂಸಿಗೆ ಆಮ್ಲಜನಕ ಹಿಡಿದರು. ಅದು ಒಂದು ಸಲ ಬೆಕ್ಕಿನ ಮರಿಯ ಹಾಗೆ ಕುಂಯ್‌ ಅಂತು. ಅಗ್ನಿಶಾಮಕದವನೊಬ್ಬ ಒಳಗಿಂದ ಬಾಣಲೆ ಹೊರಗೆ ತಂದ. ಮೆಲ್ಲಗೆ, ಬೈಯದೆ, ನಿಮ್ಮ ಅಲಾರಾಂ ಎಲ್ಲಿದೆ ಎಂದು ಕೇಳಿದ. ನಾನು ಅಡುಗೆಮನೆಗೆ ಕರೆದುಕೊಂಡು ಹೋಗಿ ಡ್ರಾಯರು ಎಳೆದು ತೋರಿಸಿದೆ. ಲಟ್ಟಣಿಗೆ, ಡಬ್ಬಿಗಳ ಮುಚ್ಚಳ, ನಡುವೆ ಅದು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಡ್ರಾಯರನ್ನು ತಾನೇ ಮುಚ್ಚಿದ.

ಆಸ್ಪತ್ರೆಯಲ್ಲಿ ಅಕ್ಕ ಎರಡನೇ ದಿನಕ್ಕೆ ಎದ್ದು ಕೂತಳು. ನನ್ನನ್ನು ಒಂದು ರಾತ್ರಿ ಇಟ್ಟುಕೊಂಡು ಬಿಟ್ಟರು. ಕೂಸನ್ನು ನಾಲ್ಕು ದಿನ ಇಟ್ಟುಕೊಂಡರು. ಬಿಡುವಾಗ ಡಾಕ್ಟರಮ್ಮ ಹೇಳಿದ್ದನ್ನು ಮಾವ ನಮಗೆ ಕನ್ನಡದಲ್ಲಿ ಮತ್ತೆ ಹೇಳಿದ: ಈಗ ಚೆನ್ನಾಗಿದೆ, ಆದರೆ ಇಂಥದರಲ್ಲಿ ಪರಿಣಾಮ ಕೆಲವೊಮ್ಮೆ ವಾರಗಟ್ಟಲೆ ತಡವಾಗಿ ಕಾಣಬಹುದು, ಶಬ್ದಕ್ಕೆ ಬೆಚ್ಚುತ್ತದೆಯೇ, ಮುಖ ನೋಡುತ್ತದೆಯೇ, ಕೈಕಾಲು ಎರಡೂ ಕಡೆ ಸಮನಾಗಿ ಆಡಿಸುತ್ತದೆಯೇ ಗಮನಿಸಿ, ಮೂರು ತಿಂಗಳು ತುಂಬಿದಾಗ ಕರೆತನ್ನಿ. ಮಕ್ಕಳ ಕಲ್ಯಾಣ ಇಲಾಖೆಯ ಒಬ್ಬ ಹೆಂಗಸೂ ಮನೆಗೆ ಬಂದಳು. ಈ ಪದ್ಧತಿ ಯಾಕೆ ಮಾಡುತ್ತೀರಿ ಎಂದು ಬರೆದುಕೊಂಡಳು. ಕೆಂಡ ಇಟ್ಟವರು ಯಾರು ಎಂದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, ನಾವೆಲ್ಲರೂ ಎಂದಳು. ಎರಡು ಸಲ ಬಂದು ಹೋಗಿ ಆ ಹೆಂಗಸು ಮತ್ತೆ ಬರಲಿಲ್ಲ.

ನಾವೆಲ್ಲರೂ ಎಂದವಳು ಅವತ್ತಿನಿಂದ ಕೂಸನ್ನು ನನ್ನ ಕೈಗೆ ಕೊಡಲಿಲ್ಲ.

ಬೈಯಲಿಲ್ಲ, ಒಂದು ಮಾತು ಅನ್ನಲಿಲ್ಲ. ತಾನೇ ಎರೆಯುತ್ತಿದ್ದಳು, ತಾನೇ ಬಟ್ಟೆ ಬದಲಿಸುತ್ತಿದ್ದಳು. ಸ್ನಾನಕ್ಕೆ ಹೋಗುವಾಗ ತೊಟ್ಟಿಲನ್ನು ಬಚ್ಚಲ ಬಾಗಿಲಿಗೆ ಎಳೆದುಕೊಂಡು ಹೋಗುತ್ತಿದ್ದಳು. ನಾನು ಕೈ ಚಾಚಿದರೆ, "ಇರ್ಲಿ ಬಿಡು, ನೀ ಸಾರು ನೋಡು" ಎನ್ನುತ್ತಿದ್ದಳು. ಹೊಸ ಅಲಾರಾಂ ಬಂತು, ಒಂದಲ್ಲ, ಮೂರು. ಮಾವ ಒಂದೊಂದು ಕೋಣೆಗೂ ಹಾಕಿದ. ಅದರ ಕೆಳಗೆ ನಾನು ಅಡುಗೆ ಮಾಡುತ್ತಿದ್ದೆ. ಒಗ್ಗರಣೆ ಹಾಕುವ ಧೈರ್ಯವಾಗಲಿಲ್ಲ. ಬೇಯಿಸಿದ ಬೇಳೆ, ಬೇಯಿಸಿದ ಸೊಪ್ಪು, ಉಪ್ಪು. ಎರಡು ತಿಂಗಳು ಆ ಮನೆಯಲ್ಲಿ ಒಂದು ಸಾಸಿವೆ ಸಿಡಿಯಲಿಲ್ಲ. ಮಾವ ಶೇಂಗಾ ಪುಡಿ ಕಲೆಸಿಕೊಂಡು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ.

ಇದೇ ಈಗ ನನ್ನ ದಿನಚರಿ ಎನ್ನುವ ಹಾಗೆ ಒಂದು ಬದುಕು ಕೂಡಿಬಂತು. ಬೆಳಿಗ್ಗೆ ಅಡುಗೆ. ಮಂಗಳವಾರ, ಶುಕ್ರವಾರ ನೆಲಮಾಳಿಗೆಯಲ್ಲಿ ಬಟ್ಟೆ. ಮಧ್ಯಾಹ್ನ ಮೂರು ದಾಟಿತೆಂದರೆ ನನಗೆ ಮನೆಯೊಳಗೆ ಇರಲಾಗುತ್ತಿರಲಿಲ್ಲ. ಕೋಟು, ಬೂಟು, ಒಂದರ ಮೇಲೊಂದು ಎರಡು ಜೊತೆ ಕೈಗವಸು ತೊಟ್ಟು ಊರಿನ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಓದಲು ಅಲ್ಲ. ಅಲ್ಲಿ ಜನ ಕೆಮ್ಮುತ್ತಿದ್ದರು, ಪುಟ ತಿರುವುತ್ತಿದ್ದರು, ಅಷ್ಟು ಸಾಕಿತ್ತು. ಒಂದೇ ಕಿಟಕಿಯ ಹತ್ತಿರ ಒಂದೇ ಕುರ್ಚಿ. ಗಡಿಯಾರ ಮೂರು ಮೂವತ್ತೈದಕ್ಕೆ ಬರುವುದನ್ನು ನೋಡುತ್ತಿದ್ದೆ, ನಾಲ್ಕು ಹತ್ತನ್ನು ದಾಟುವುದನ್ನು ನೋಡುತ್ತಿದ್ದೆ, ಆಮೇಲೆ ಏಳುತ್ತಿದ್ದೆ. ಆ ನಡುವಿನ ಮೂವತ್ತೈದು ನಿಮಿಷದಲ್ಲಿ ಟವೆಲ್ಲನ್ನು ದಿನಾ ಒಂದೊಂದು ರೀತಿ ತೆಗೆಯುತ್ತಿದ್ದೆ. ಒಂದು ದಿನ ತುರುಕುವುದೇ ಇಲ್ಲ. ಒಂದು ದಿನ ಅವ್ವನಿಗೆ ಎದುರು ಮಾತಾಡುತ್ತೇನೆ. ಒಂದು ದಿನ ಅವ್ವ ಎರಡನೇ ಸಲ ಫೋನು ಮಾಡುವುದಿಲ್ಲ. ಆ ದಿನಗಳಲ್ಲಿ ಕುರ್ಚಿಯಿಂದ ಬೇಗ ಎದ್ದುಬಿಡುತ್ತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಯಂತ್ರವೊಂದು ನಿಲ್ದಾಣಗಳ ಹೆಸರು ಹೇಳುತ್ತಿತ್ತು. ಬೇರೆ ಯಾರೂ ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆ. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ಕೊಟ್ಟೂರ್ ಕೂಡ್ಲಿಗಿ, ಕೊಟ್ಟೂರ್ ಕೂಡ್ಲಿಗಿ" ಎಂದು ಒಂದೇ ಉಸಿರಿಗೆ ಹೇಳುವುದು, ಹಗರಿಬೊಮ್ಮನಹಳ್ಳಿಗೆ ಹೋಗುವ ಮುದುಕಿಯೊಬ್ಬಳು ಅವನನ್ನು ನಿಲ್ಲಿಸಿ, "ಲೇ, ನಮ್ಮೂರವ್ರು ಜನ ಅಲ್ಲೇನು, ಅದನ್ನೂ ಕೂಗು" ಎಂದು ಗದರಿಸುವುದು. ಅಂಥ ಒಬ್ಬಳು ಯಾರಾದರೂ ನನ್ನನ್ನು ಗದರಿಸಿದ್ದರೆ ಸಾಕಿತ್ತು. ಅಲ್ಲಿ ಎಲ್ಲರೂ ಬಹಳ ಸೌಜನ್ಯದಿಂದ ಇದ್ದರು.

ಎದುರು ಮನೆಯ ಮುದುಕಿ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಗುತ್ತಿದ್ದಳು. ಒಮ್ಮೆ ಬ್ರೆಡ್ಡು ಮಾಡಿ ತಟ್ಟೆಯಲ್ಲಿ ಕೊಟ್ಟಳು. ಬರಿ ತಟ್ಟೆ ವಾಪಸು ಕೊಡುವುದು ನಮ್ಮಲ್ಲಿ ಇಲ್ಲವಲ್ಲ, ಶೇಂಗಾ ಪುಡಿ ಹಾಕಿ ಕೊಟ್ಟೆ. ಮರುವಾರ ಅದೇ ತಟ್ಟೆಯಲ್ಲಿ ಬೀಟ್‌ರೂಟಿನ ಪಲ್ಯ. ಹೀಗೆ ಆ ತಟ್ಟೆ ಓಣಿಯಲ್ಲಿ ಹೋಗುತ್ತಾ ಬರುತ್ತಾ ಇತ್ತು. ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಯಂತ್ರ ತಿರುಗುವುದನ್ನು ನೋಡುತ್ತಾ ಕೂತಿರುತ್ತಿದ್ದೆವು. ಆ ದಿನಗಳಲ್ಲಿ ನನ್ನ ಜೊತೆ ಸುಮ್ಮನೆ ಕೂರುತ್ತಿದ್ದವಳು ಅವಳೊಬ್ಬಳೇ.

ಅವ್ವ ನನ್ನ ಫೋನಿಗೆ ಕರೆ ಮಾಡುವುದನ್ನು ಬಿಟ್ಟಿದ್ದಳು. ಮಾವನ ಫೋನಿಗೆ ಮಾಡುತ್ತಿದ್ದಳು, ಅದೂ ಅವನು ಮನೆಯಲ್ಲಿರುವ ಹೊತ್ತು ನೋಡಿ. ಊರಲ್ಲಿ ಯಾರಾದರೂ ಕೇಳಿದರೆ ಕೂಸಿಗೆ ನೆಗಡಿಯಾಗಿತ್ತು ಎನ್ನುತ್ತಿದ್ದಳಂತೆ. ಒಮ್ಮೆ ನಾನೇ ಕರೆ ಮಾಡಿದೆ.

"ನಾವೂ ಅದರಾಗ ಬೆಳದವ್ರು, ನೀವೂ ಅದರಾಗ ಬೆಳದವ್ರು" ಎಂದಳು, ನಾನೇನೂ ಕೇಳದಿದ್ದರೂ.

"ಆ ಕ್ವಾಣಿಗೆ ಬೆಳಕಿಂಡಿ ಇತ್ತವ್ವಾ."

"ಹೂಂ."

"ಇದಕ್ಕ ಇಲ್ಲ."

"ನನಗೇನ್ ಗೊತ್ತಿತ್ತವ್ವಾ, ಬೆಳಕಿಂಡಿ ಅನ್ನಾದು ಬೆಳಕಿಗೆ ಅಂದ್ಕಂಡಿದ್ದೆ" ಎಂದಳು. ಆಮೇಲೆ ಹೂವಿನ ಕೆಲಸ ಐತಿ ಎಂದು ಇಟ್ಟಳು. ಅವಳಿಗೆ ಗೊತ್ತಿರಲಿಲ್ಲ ನಿಜ. ಗೊತ್ತಿದ್ದವಳು ನಾನು.

ನನಗೆ ನಿದ್ದೆ ಬರುತ್ತಿರಲಿಲ್ಲ. ನಡುಮನೆಯ ಸೋಫಾದ ಮೇಲೆ ಮಲಗುತ್ತಿದ್ದೆ. ಕಣ್ಣು ಹತ್ತಿದ ಕೂಡಲೇ ಎದ್ದು ಅಕ್ಕನ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಉಸಿರು ಕೇಳಿಸಿಕೊಂಡು ಬರುತ್ತಿದ್ದೆ. ಕೂಸು ನೆಟ್ಟಗಾಗುತ್ತದೆಯೇ ಇಲ್ಲವೇ ಎಂಬುದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. ನೋಡಲು ಅದು ದುಂಡದುಂಡಗೆ ಬೆಳೆಯುತ್ತಿತ್ತು. ಆದರೆ ಶಬ್ದಕ್ಕೆ ಕೆಲವೊಮ್ಮೆ ಬೆಚ್ಚುತ್ತಿತ್ತು, ಕೆಲವೊಮ್ಮೆ ಕಲ್ಲಿನ ಹಾಗೆ ಮಲಗಿರುತ್ತಿತ್ತು. ಅದಕ್ಕೆ ನಾನು ಅಡುಗೆಮನೆಯಿಂದಲೇ ಪರೀಕ್ಷೆ ಶುರುಮಾಡಿದೆ. ಒಂದು ದಿನ ಸ್ಟೀಲ್ ತಟ್ಟೆ ಬೀಳಿಸುವುದು. ಒಂದು ದಿನ ಡಬ್ಬಿಯ ಮುಚ್ಚಳ. ಒಂದು ದಿನ ಕುಕ್ಕರಿನ ಮೇಲೆ ಸೌಟು. ಬೀಳಿಸಿ, ಬಾಗಿಲಿನ ಮರೆಯಿಂದ ಇಣುಕಿ, ಕೈ ಅಲುಗಿತೇ, ರೆಪ್ಪೆ ಹೊಡೆಯಿತೇ ನೋಡುವುದು.

ಒಂದು ಮಧ್ಯಾಹ್ನ ಅಕ್ಕ ಹಿಂದೆಯೇ ನಿಂತಿದ್ದಳು.

"ಏನ್ ಮಾಡಾಕತ್ತೀಯ?"

"ಏನಿಲ್ಲ. ತಾಟು ಬಿತ್ತು."

"ನಿನ್ನಿನೂ ಬಿತ್ತು. ಮೊನ್ನಿನೂ ಬಿತ್ತು. ಕೈಗೇನು ಎಣ್ಣಿ ಹಚ್ಕಂಡಿರ್ತೀಯೇನು?"

ಸುಳ್ಳು ಹೇಳಲು ಆಗಲಿಲ್ಲ. "ಕಿವಿ ಕೇಳ್ತಾವೋ ಇಲ್ಲೋ ಅಂತ ನೋಡಾಕತ್ತಿದ್ದೆ" ಎಂದೆ. ಈಗ ಬೈಯುತ್ತಾಳೆ, ಕೊನೆಗೂ ಬೈಯುತ್ತಾಳೆ ಅಂದುಕೊಂಡೆ.

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ನೀ ಲೈಬ್ರರಿಗೆ ಹೋದಾಗ ನಾ ಚಪ್ಪಾಳಿ ಹೊಡೀತೀನಿ" ಎಂದಳು.

"ಏನು?"

"ಕಿವಿ ಹತ್ರ ಚಪ್ಪಾಳಿ. ಬೀಗದಕೈ ಗೊಂಚಲ ಅಲ್ಲಾಡಿಸ್ತೀನಿ. ನಿಮ್ಮ ಮಾವ ಬಂದ ಮ್ಯಾಲೆ ಬಚ್ಚಲದಾಗ ಸೀಟಿ ಹೊಡೀತಾನ, ಅದೂ ಇದಕ್ಕ. ನಾನು ಕೇಳೀನಿ, ಅವಗ ಹಾಡು ಬರಂಗಿಲ್ಲ."

ನಾವಿಬ್ಬರೂ ತೊಟ್ಟಿಲ ಕಡೆ ನೋಡಿದೆವು.

"ಅದಕ್ಕ ಇದು ಮೂರು ಹೊತ್ತೂ ಕಿರಿಕಿರಿ ಮಾಡ್ತೈತಿ" ಎಂದೆ. "ಮೂರು ಮಂದಿ ಪಾಳಿ ಹಾಕ್ಕಂಡು ಎಬ್ಬಿಸಾಕತ್ತೀವಿ."

ಅಕ್ಕ ಬಾಯಿಗೆ ಸೆರಗು, ಅಲ್ಲ, ಸ್ವೆಟರಿನ ತೋಳು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನಗುವುದು ಮುಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. "ಆ ದಿನ ನನಗ ಎಚ್ಚರ ಇರ್ಲಿಲ್ಲ. ನೀ ಕಣ್ಣಾರೆ ಕಂಡೀಯ. ಅದರ ಮುಖ ಹೆಂಗಿತ್ತು?" ಎಂದು ಕೇಳಿದಳು. ಎರಡು ತಿಂಗಳಲ್ಲಿ ಮೊದಲ ಸಲ ಕೇಳಿದ್ದು. ಹೇಳಿದೆ. ಬಣ್ಣ ಹೇಳಿದೆ, ಕತ್ತು ಬಿದ್ದದ್ದು ಹೇಳಿದೆ, ಬಾಗಿಲು ತೆರೆಯದೆ ಹೋದದ್ದು ಹೇಳಿದೆ, ಟವೆಲ್ಲು ಹೇಳಿದೆ. ಟವೆಲ್ಲಿನ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಹೇಳಬಾರದಿತ್ತೇನೋ. ಇನ್ನು ಕೂಸು ಎಂದೂ ನನ್ನ ಕೈಗೆ ಬರುವುದಿಲ್ಲ ಅನ್ನಿಸಿತು. ಅವತ್ತು ಗ್ರಂಥಾಲಯಕ್ಕೂ ಹೋಗಲಿಲ್ಲ.

ಮೂರು ದಿನ ಹೀಗೇ ಹೋಯಿತು. ನಾಲ್ಕನೆಯದು ಭಾನುವಾರ. ಹೊರಗೆ ಮಂಜು ಕರಗಲು ತೊಡಗಿತ್ತು, ರಸ್ತೆಯೆಲ್ಲ ಕಪ್ಪು ನೀರು. ಮಾವ ಪಂಜಾಬಿಯವನ ಅಂಗಡಿಯಿಂದ ಒಂದು ಪೊಟ್ಟಣ ಮಂಡಕ್ಕಿ ತಂದಿದ್ದ. ಅದನ್ನು ಡಬ್ಬಿಗೆ ಸುರಿಯುವ ಸದ್ದು ಕೇಳಿ ಅಕ್ಕ ಕೋಣೆಯಿಂದ ಬಂದಳು. ಮಂಡಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಒಗ್ಗರಣಿ ಹಾಕು."

"ಆ?"

"ಮಂಡಕ್ಕಿ ಒಗ್ಗರಣಿ. ಹಸಿಮೆಣಸಿನಕಾಯಿ ಜಜ್ಜಿ ಹಾಕು. ಸಾಕಾತು ನನಗ ನಿನ್ನ ಬೇಯ್ಸಿದ್ದು."

"ಅಲಾರಾಂ ಕೂಗ್ತೈತಿ."

"ಕೂಗ್ಲಿ. ಅದಕ್ಕ ಅಲ್ಲೇನು ರೊಕ್ಕ ಕೊಟ್ಟು ತಂದದ್ದು?"

ಮಾವ ಪೇಪರು ಕೆಳಗಿಟ್ಟ. ನಾನು ಬಾಣಲೆ ತೆಗೆದೆ. ಅದು ಕೆಂಡದ ಬಾಣಲೆಯಲ್ಲ, ಅದನ್ನು ಮಾವ ಎಲ್ಲೋ ಒಗೆದಿದ್ದ. ಹೊಸದು, ಹಗುರ. ಎಣ್ಣೆ ಹಾಕಿದೆ. ಕಿಟಕಿ ತೆರೆದೆ, ಬಾಲ್ಕನಿ ಬಾಗಿಲೂ ತೆರೆದೆ. ಸಾಸಿವೆ ಹಾಕುವಾಗ ಅರ್ಧ ಹೊರಗೆ ಚೆಲ್ಲಿತು. ಉಳಿದವು ಸಿಡಿದವು. ಈರುಳ್ಳಿ, ಕರಿಬೇವು, ಆಮೇಲೆ ಮೆಣಸಿನಕಾಯಿ. ಘಾಟು ಎದ್ದಿತು. ಮಾವ ಕೆಮ್ಮಿದ. ನಾನು ಉಸಿರು ಬಿಗಿಹಿಡಿದು ಮೇಲೆ ನೋಡುತ್ತಾ ನಿಂತೆ.

ಮೂರೂ ಒಟ್ಟಿಗೆ ಚೀರಿದವು.

ಕೂಸು ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿತ್ತು. ಎರಡು ಕೈಯೂ ಒಮ್ಮೆಲೇ ಅಗಲವಾಗಿ ಮೇಲಕ್ಕೆ ಹಾರಿದವು, ಎರಡೂ ಸಮ. ಕಣ್ಣು ದೊಡ್ಡದಾಯಿತು. ಆಮೇಲೆ ತಲೆಯನ್ನು ಮೆಲ್ಲಗೆ ತಿರುಗಿಸಿತು, ಬಾಗಿಲ ಕಡೆಗಲ್ಲ, ನಮ್ಮ ಕಡೆಗಲ್ಲ, ಚಾವಣಿಯ ಮೇಲೆ ಮಿನುಗುತ್ತಿದ್ದ ಆ ಬಿಳಿ ತಟ್ಟೆಯ ಕಡೆಗೆ. ಅದನ್ನು ನೋಡಿತು. ನೋಡಿ, ತುಟಿ ಮುದುಡಿ, ಅಲಾರಾಮಿಗೆ ಸವಾಲು ಹಾಕಿದ ಹಾಗೆ ಕಿರಿಚಿತು. ಅಂಥ ಅಳುವನ್ನು ಲೋಬಾನದ ದಿನಗಳ ನಂತರ ನಾನು ಕೇಳಿರಲಿಲ್ಲ.

"ನೋಡಾಕತ್ತೈತಿ! ಲೇ, ಮ್ಯಾಲೆ ನೋಡಾಕತ್ತೈತಿ!" ಅಕ್ಕ ಕೂಗಿದಳು. ಮಾವ ಕುರ್ಚಿ ಹತ್ತಿ ಪೇಪರಿನಿಂದ ಬೀಸುತ್ತಿದ್ದ.

"ನಿಲ್ಲಿಸ್ಲೇನು?"

"ಇರ್ರಿ ಒಂದೀಟು! ಅಳ್ಲಿ ಇನ್ನೊಂದೀಟು!"

ಮುಂಬಾಗಿಲು ಯಾರೋ ಬಡಿದರು. ಎದುರು ಮನೆಯ ಮುದುಕಿ, ಕೋಟು ಅರ್ಧ ತೊಟ್ಟು, ಮುಖ ಬಿಳಿಚಿಕೊಂಡು. ನಾನು ಒಲೆ ಆರಿಸಿ ಬಾಣಲೆ ತೋರಿಸಿದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟಳು.

ಅಕ್ಕ ಕೂಸನ್ನು ಎತ್ತಿಕೊಂಡಳು, ಎತ್ತಿಕೊಂಡು ನನ್ನ ಹತ್ತಿರ ಬಂದಳು. "ಹಿಡ್ಕ" ಎಂದಳು. "ನನ್ನ ಕೈ ನಡಗಾಕತ್ತಾವು."

ನನ್ನ ಕೈಯೂ ನಡುಗುತ್ತಿತ್ತು. ಅವಳಿಗೂ ಅದು ಕಾಣುತ್ತಿತ್ತು. ಆದರೂ ಕೊಟ್ಟಳು. ಕೂಸು ಭಾರವಾಗಿತ್ತು, ನಾನು ಕೊನೆಯ ಸಲ ಎತ್ತಿಕೊಂಡಾಗಿನದಕ್ಕಿಂತ ಎರಡರಷ್ಟು. ಕತ್ತು ಗಟ್ಟಿಯಾಗಿತ್ತು. ನನ್ನ ತೋಳಿನ ಮೇಲೆ ತಲೆ ಎತ್ತಿ, ಇನ್ನೂ ಬಿಕ್ಕುತ್ತಾ, ಮತ್ತೆ ಚಾವಣಿಯ ಕಡೆಗೇ ನೋಡುತ್ತಿತ್ತು. ನಾವು ನಾಲ್ವರೂ ಕಿಟಕಿಯ ಹತ್ತಿರ ನಿಂತು ಮಂಡಕ್ಕಿ ತಿಂದೆವು. ಮುದುಕಿಗೆ ಅದೇ ಅವಳ ತಟ್ಟೆಯಲ್ಲಿ ಹಾಕಿ ಕೊಟ್ಟೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಇನ್ನೊಂದು ಹಿಡಿ ಕೇಳಿದಳು.

ತಪಾಸಣೆಗೆ ಇನ್ನೂ ಒಂಬತ್ತು ದಿನವಿತ್ತು. ಡಾಕ್ಟರಮ್ಮ ಆ ದಿನ ಸಣ್ಣ ಗಿಲಕಿ ಆಡಿಸಿ, ದೀಪ ತೋರಿಸಿ, ಕೈಕಾಲು ಎಳೆದು ನೋಡಿ, ಎಲ್ಲ ವಯಸ್ಸಿಗೆ ತಕ್ಕಂತೆ ಇದೆ ಎಂದಳು. ಆದರೆ ನನಗೆ ನಿದ್ದೆ ಬಂದದ್ದು ಆ ಭಾನುವಾರವೇ. ಸೋಫಾದ ಮೇಲೆ ಸುಮ್ಮನೆ ಕಾಲು ಚಾಚಿದ್ದೆ, ಕೂದಲೆಲ್ಲ ಒಗ್ಗರಣೆಯ ವಾಸನೆ.

ಕಣ್ಣು ಬಿಟ್ಟಾಗ ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಒಲೆಯ ಮೇಲಿನ ಹಸಿರು ಅಂಕಿಗಳು ಎಂಟೂ ಇಪ್ಪತ್ತು ತೋರಿಸುತ್ತಿದ್ದವು. ಒಮ್ಮೆಯೂ ಎದ್ದಿರಲಿಲ್ಲ. ಗಾಬರಿಯಾಗಿ ಎದ್ದು ಕೂತೆ. ಅಕ್ಕ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು, ಕೂಸು ಅವಳ ಹೆಗಲ ಮೇಲೆ.

"ಕೂಸಿನ ಸುದ್ದಿ ಕೇಳಿ ನಿನ್ನ ಫೋನಿಗೆ ಅವ್ವ ಏಳು ಸಲ ಮಾಡ್ಯಾಳ" ಎಂದಳು. "ಏಳನೇ ಸಲ ನಾ ಎತ್ತಿದೆ. ಮಲಗ್ಯಾಳ ಅಂದೆ. ಇಷ್ಟೊತ್ತಾದ್ರೂ ಮಲಗ್ಯಾಳಾ, ಹೋಗಿ ನೋಡು, ಉಸಿರಾಡಾಕತ್ತಾಳ ಇಲ್ಲ ನೋಡು ಅಂತ ಒಂದ ಸಮನ ಗಂಟು ಬಿದ್ಳು."

"ನೋಡಿದ್ಯಾ?"

"ನೋಡೀನಿ. ಗೊರಕಿ ಹೊಡ್ಯಾಕತ್ತಿದ್ದಿ."